ವರ್ಕ್‌ಕವರ್ ಸಿಕ್ತು ಅಂತ ಸೂಪರ್ ಒಳಗಿನ ಇನ್ಶೂರೆನ್ಸ್ ಬಿಡ್ಬೇಡಿ

ಮೆಲ್ಬರ್ನ್‌ನಲ್ಲಿ ಇಂಜುರಿ ಕ್ಲೈಮ್‌ಗಳ ವಕೀಲಿ ನನ್ನ ಕೆಲಸ. ನಮ್ಮ ಕನ್ನಡದವರು ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದಲು ಕೇಳೋದು ನಿಮ್ಮ ಸೂಪರ್ (ಎಂಪ್ಲಾಯರ್ ನಿಮ್ಮ ಹೆಸರಲ್ಲಿ ಕಟ್ಟೋ ರಿಟೈರ್‌ಮೆಂಟ್ ಉಳಿತಾಯ) ಯಾವ ಫಂಡಲ್ಲಿದೆ ಅಂತ. ಅವ್ರು ಫೋನ್ ಮಾಡಿರೋದು ವರ್ಕ್‌ಕವರ್ (ಕೆಲಸದಿಂದ ಪೆಟ್ಟಾದವ್ರಿಗೆ ಸಿಗೋ ಪರಿಹಾರ) ಬಗ್ಗೆ, ಟ್ರುಗನೀನಾ ಕಡೆ ವೇರ್‌ಹೌಸಲ್ಲಿ ಬಾಕ್ಸ್ ಎತ್ತುವಾಗ ಸೊಂಟ ಹಿಡ್ಕೊಂಡಿರತ್ತೆ ಇಲ್ಲಾ ಏಜ್ಡ್ ಕೇರಲ್ಲಿ ವಯಸ್ಸಾದವ್ರನ್ನ ಎಬ್ಬಿಸಿ ಕೂರ್ಸುವಾಗ ಭುಜ ಹೋಗಿರತ್ತೆ, ಸೂಪರ್ ಯಾಕೆ ಸಾರ್ ಅದು ರಿಟೈರ್ ಆದ್ಮೇಲಿನ ದುಡ್ಡಲ್ವಾ ಅಂತಾರೆ. ಹೌದು, ಆದ್ರೆ ಅದೇ ಅಕೌಂಟ್ ಒಳಗೆ ಎಷ್ಟೋ ಜನಕ್ಕೆ ಗೊತ್ತಿಲ್ದೇ ಒಂದು ಇನ್ಶೂರೆನ್ಸ್ ಓಡ್ತಿರತ್ತೆ, ಅದರ ಪ್ರೀಮಿಯಂ ನಿಮ್ಮ ದುಡ್ಡಿಂದಾನೇ ಕಟ್ ಆಗ್ತಿರತ್ತೆ.

ಮೊದಲು ವರ್ಕ್‌ಕವರ್. ಇದು ಸ್ಟೇಟ್‌ಗೊಂದು ಥರ, ನಾನು ಹೇಳ್ತಿರೋದು ವಿಕ್ಟೋರಿಯಾದ್ದು. ತಪ್ಪು ಯಾರದ್ದು ಅಂತ ಯಾರೂ ಕೇಳಲ್ಲ, ಕೆಲಸದಿಂದ ಪೆಟ್ಟಾಯ್ತಾ ಅನ್ನೋದಷ್ಟೇ ಪ್ರಶ್ನೆ. ಸ್ಟೂಡೆಂಟ್ ವೀಸಾದವ್ರಿಗೂ ಇದೆ, ಕ್ಯಾಶುವಲ್‌ಗೂ ಇದೆ, ಲೇಬರ್ ಹೈರ್‌ನಲ್ಲಿ ಇದ್ರೆ ಸಂಬಳ ಕೊಡೋ ಏಜೆನ್ಸಿನೇ ನಿಮ್ಮ ಎಂಪ್ಲಾಯರ್. 30 ದಿನದೊಳಗೆ ಎಂಪ್ಲಾಯರ್‌ಗೆ ತಿಳಿಸ್ಬೇಕು, ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಇಂಜುರಿ ರಿಜಿಸ್ಟರ್‌ನಲ್ಲಿ ಬರೀರಿ, ಒಂದು ಇಮೇಲೂ ಹಾಕಿ. ಆಮೇಲೆ ಕ್ಲೈಮ್ ಫಾರ್ಮ್, ಜಿಪಿ (ನಿಮ್ಮ ಮಾಮೂಲಿ ಡಾಕ್ಟ್ರು) ಹತ್ರ ಸರ್ಟಿಫಿಕೇಟ್ ಆಫ್ ಕೆಪ್ಯಾಸಿಟಿ, ಅಂದ್ರೆ ಎಷ್ಟು ಕೆಲಸ ಮಾಡಕ್ಕಾಗತ್ತೆ ಅನ್ನೋ ಪತ್ರ. ಒಪ್ಕೊಂಡ್ರೆ ಮೊದಲ 13 ವಾರ ಹಿಂದಿನ ಸರಾಸರಿ ಸಂಬಳದ 95%, ಅಲ್ಲಿಂದ 130 ವಾರದ ತನಕ 80%, ಎರಡಕ್ಕೂ ಮೇಲೊಂದು ಮಿತಿ ಇದೆ. ರಿಜೆಕ್ಟ್ ಆದ್ರೆ ಅಲ್ಲಿಗೇ ಕೈಬಿಡ್ಬೇಡಿ, 60 ದಿನದೊಳಗೆ ವರ್ಕ್‌ಪ್ಲೇಸ್ ಇಂಜುರಿ ಕಮಿಷನ್‌ಗೆ ಹೋಗ್ಬಹುದು, ಅಲ್ಲಿ ರಾಜಿ ಮಾತುಕತೆಗೆ ಫೀಸಿಲ್ಲ.

ಕಷ್ಟ ಶುರುವಾಗೋದು 130 ವಾರ ಆದ್ಮೇಲೆ. ಮೊದಲು ಯಾವ ಕೆಲಸಾನೂ ಮಾಡಕ್ಕಾಗಲ್ಲ, ಮುಂದೂ ಆಗೋ ಹಾಗಿಲ್ಲ ಅಂತ ತೋರಿಸಿದ್ರೆ ಸಾಕಿತ್ತು, 2024ರ ಮಾರ್ಚ್ 31ರಿಂದ ಅದರ ಜೊತೆ ಇಡೀ ದೇಹದ ಲೆಕ್ಕದಲ್ಲಿ 20%ಗಿಂತ ಜಾಸ್ತಿ ಊನ ಇರ್ಬೇಕು ಅಂತ ಕಾನೂನು ಬದಲಾಗಿದೆ. ಬೆನ್ನಿನ ಡಿಸ್ಕ್ ಹೋದವ್ರಲ್ಲಿ ತುಂಬಾ ಜನ ಆ 20 ದಾಟಲ್ಲ, ನೋವು ಎಷ್ಟೇ ಇರಲಿ. ಅದೇ ದಿನದಿಂದ ಕೆಲಸದ ಮಾಮೂಲಿ ಒತ್ತಡ, ಬರ್ನೌಟ್‌ನಿಂದಾದ ಮಾನಸಿಕ ತೊಂದರೆಗೂ ವಾರದ ದುಡ್ಡಿನ ದಾರಿ ಹೆಚ್ಚುಕಮ್ಮಿ ಮುಚ್ಚಿದೆ, ನಮ್ಮ ಐಟಿಯವ್ರು ಇದನ್ನ ಗಮನಿಸ್ಬೇಕು. ಇಂಥವ್ರಿಗೆಲ್ಲ ಸೂಪರ್ ಇನ್ಶೂರೆನ್ಸ್ ಎಷ್ಟು ಮುಖ್ಯ ಅಂದ್ರೆ, ಅದು ಸಾಮಾನ್ಯವಾಗಿ ಪೆಟ್ಟು ಎಲ್ಲಾಯ್ತು ಯಾಕಾಯ್ತು ಅಂತ ಕೇಳಲ್ಲ, ಕೆಲಸ ಮಾಡಕ್ಕಾಗತ್ತಾ ಇಲ್ವಾ ಅಂತ ನೋಡತ್ತೆ.

ಅದ್ರಲ್ಲಿ ಸಾಮಾನ್ಯವಾಗಿ ಎರಡು ಥರ. ಇನ್ಕಮ್ ಪ್ರೊಟೆಕ್ಷನ್ ಇದ್ರೆ ತಿಂಗಳಿಗಿಷ್ಟು ಅಂತ ಬರತ್ತೆ, ಆದ್ರೆ ವರ್ಕ್‌ಕವರ್‌ನಿಂದ ಬರ್ತಿರೋದನ್ನ ಅದ್ರಲ್ಲಿ ಕಳೀತಾರೆ, ಮುಚ್ಚಿಡಕ್ಕೆ ಹೋಗ್ಬೇಡಿ. ಇನ್ನೊಂದು ಟಿಪಿಡಿ, ಅಂದ್ರೆ ಶಾಶ್ವತವಾಗಿ ಕೆಲಸಕ್ಕೆ ಆಗದವ್ರಿಗೆ ಒಂದೇ ಸಲಕ್ಕೆ ದೊಡ್ಡ ಮೊತ್ತ. ವರ್ಕ್‌ಕವರ್ ತಗೊಂಡಿದೀರಿ ಅಂತ ಟಿಪಿಡಿ ಕೊಡಲ್ಲ ಅನ್ನೋ ಹಾಗಿಲ್ಲ, ಇದನ್ನ ನಂಬದೇ ಇರೋರೇ ಜಾಸ್ತಿ.

ಟಿಪಿಡಿಯಲ್ಲಿ ನಮ್ಮವ್ರು ಸಿಕ್ಕಿಹಾಕ್ಕೊಳ್ಳೋ ಜಾಗ ಒಂದಿದೆ. ತುಂಬಾ ಪಾಲಿಸಿಗಳಲ್ಲಿ ಪರೀಕ್ಷೆ ಏನಂದ್ರೆ, ನಿಮ್ಮ ಓದು, ಟ್ರೈನಿಂಗ್, ಅನುಭವಕ್ಕೆ ಹೊಂದೋ ಯಾವ ಕೆಲಸಕ್ಕೂ ನೀವು ಇನ್ಮುಂದೆ ವಾಪಸ್ ಹೋಗೋ ಸಾಧ್ಯತೆ ಇಲ್ಲ ಅಂತ ತೋರಿಸ್ಬೇಕು. ಈಗ ನೋಡಿ, ದಾವಣಗೆರೆಯಲ್ಲೋ ಹಾಸನದಲ್ಲೋ ಬಿಇ ಮಾಡಿರ್ತಾರೆ, ಇಲ್ಲಿಗೆ ಬಂದು ಎಷ್ಟೋ ವರ್ಷದಿಂದ ಫೋರ್ಕ್‌ಲಿಫ್ಟ್ ಓಡಿಸ್ತಿರ್ತಾರೆ, ಸೊಂಟ ಹೋದ್ಮೇಲೆ ಇನ್ಶೂರೆನ್ಸ್‌ನವ್ರು ಆ ಡಿಗ್ರಿ ಹಿಡ್ಕೊಂಡು ನೀವು ಇಂಜಿನಿಯರ್, ಆಫೀಸಲ್ಲಿ ಕೂತು ಕೆಲಸ ಮಾಡ್ಬಹುದು ಅಂತ ರಿಜೆಕ್ಟ್ ಮಾಡ್ತಾರೆ. ಇದಕ್ಕೆ ಕೋಪ ಮಾಡ್ಕೊಂಡ್ರೆ ಪ್ರಯೋಜನ ಇಲ್ಲ, ಕಾಗದ ಬೇಕು: ಆ ಓದಿನ ಮೇಲೆ ಒಂದು ದಿನಾನೂ ಕೆಲಸ ಮಾಡಿಲ್ಲ ಅನ್ನೋದಕ್ಕೆ ನಿಮ್ಮ ಕೆಲಸದ ಹಿಸ್ಟರಿ, ಇಷ್ಟು ವರ್ಷ ಗ್ಯಾಪ್ ಆದವ್ರನ್ನ ಆ ಫೀಲ್ಡಲ್ಲಿ ಯಾರೂ ತಗೊಳಲ್ಲ ಅಂತ ವೊಕೇಶನಲ್ ರಿಪೋರ್ಟ್ (ಉದ್ಯೋಗ ತಜ್ಞರ ವರದಿ), ಒಂದೇ ಕಡೆ ಎಷ್ಟು ಹೊತ್ತು ಕೂರಕ್ಕಾಗತ್ತೆ ಅಂತ ಸ್ಪೆಷಲಿಸ್ಟ್ ಬರೆದಿದ್ದು. ಹಾಗಂತ ಫಾರ್ಮಲ್ಲಿ ಡಿಗ್ರಿ ಬರೀದೇ ಬಿಡೋದು ಬೇಡ, ಸಿಕ್ಕಿಬಿದ್ರೆ ನಿಮ್ಮ ಬೇರೆ ಮಾತನ್ನೂ ನಂಬಲ್ಲ.

ಇನ್ನೊಂದು, ಜಿಪಿ ಹೇಗಿದೀರಿ ಅಂದ್ರೆ ಪರ್ವಾಗಿಲ್ಲ ಡಾಕ್ಟ್ರೇ ಸ್ವಲ್ಪ ಬೆಟರ್ ಅನ್ನೋ ಅಭ್ಯಾಸ ನಮಗೆ. ಡಾಕ್ಟ್ರು ಅದನ್ನೇ ಬರ್ಕೋತಾರೆ, ಎರಡು ವರ್ಷ ಆದ್ಮೇಲೆ ಟಿಪಿಡಿ ಇನ್ಶೂರರ್ ಆ ನೋಟ್ಸೂ ವರ್ಕ್‌ಕವರ್ ಫೈಲೂ ತರಿಸ್ಕೊಂಡು ಒಂದೊಂದೇ ಸಾಲು ಓದ್ತಾರೆ. ರಾತ್ರಿ ಎಷ್ಟು ಸಲ ಏಳ್ತೀನಿ, ಮಗೂನ ಎತ್ತಕ್ಕಾಗಲ್ಲ, ಕಾರ್ ಓಡಿಸಿದ್ರೆ ಕಾಲು ಜೋಮು ಹಿಡಿಯತ್ತೆ, ಹೀಗೆ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಇಂಗ್ಲಿಷಲ್ಲಿ ಹೇಳಕ್ಕೆ ಕಷ್ಟ ಆದ್ರೆ ಇಂಟರ್ಪ್ರಿಟರ್ ಕೇಳಿ, ನಾಚಿಕೆ ಬೇಡ.

ಕವರ್ ಕಳ್ಕೊಳ್ಳೋದು ಹೇಗೆ ಅಂತಾನೂ ಗೊತ್ತಿರಲಿ. 16 ತಿಂಗಳು ಅಕೌಂಟಿಗೆ ದುಡ್ಡು ಬೀಳದಿದ್ರೆ ಇನ್ಶೂರೆನ್ಸ್ ನಿಲ್ಲತ್ತೆ, ಬೇಕು ಅಂತ ಫಂಡಿಗೆ ಬರೆದುಕೊಟ್ಟಿದ್ರೆ ಉಳಿಯತ್ತೆ. ಕೆಲಸಕ್ಕೆ ಹೋಗದೇ ವರ್ಕ್‌ಕವರ್‌ನಲ್ಲಿ ಇರೋವಾಗ ಎಂಪ್ಲಾಯರ್ ಸಾಮಾನ್ಯವಾಗಿ ಸೂಪರ್ ಕಟ್ಟಲ್ಲ, ಹಾಗಾಗಿ ಈ 16 ತಿಂಗಳು ಸದ್ದಿಲ್ದೇ ಮುಗಿದುಬಿಡ್ಬಹುದು. 25 ವರ್ಷ ಆಗದವ್ರಿಗೆ, 6,000 ಡಾಲರ್ ಒಮ್ಮೆನೂ ದಾಟದ ಅಕೌಂಟಿಗೆ ತಾನಾಗೇ ಕವರ್ ಬರೋದು ಕಮ್ಮಿ. ಮೂರು ಅಕೌಂಟ್ ಸೇರ್ಸಿ ಒಂದು ಮಾಡೋ ಮುಂಚೆ, ಮೈಗವ್‌ನಲ್ಲಿ (ಸರ್ಕಾರದ ವೆಬ್‌ಸೈಟ್) ಎಟಿಓ, ಅಂದ್ರೆ ತೆರಿಗೆ ಇಲಾಖೆಯ ಪುಟ ತೆಗೆದು ಎಲ್ಲ ಅಕೌಂಟೂ ನೋಡಿ, ಮುಚ್ಚಿದ ಅಕೌಂಟಿನ ಕವರ್ ಅಲ್ಲಿಗೇ ಹೋಗತ್ತೆ.

ಟಿಪಿಡಿ ಫಾರ್ಮನ್ನ ನೀವೇ ಫಂಡಿಗೆ ಹಾಕ್ಬಹುದು. ನಾನು ವಕೀಲನಾಗಿದ್ದೂ ಹೇಳ್ತೀನಿ, ಸರಳ ಕೇಸಿಗೆ ಬಂದ ಮೊತ್ತದಲ್ಲಿ ದೊಡ್ಡ ಪಾಲು ಫೀಸ್ ಕೊಡೋದು ಅನ್ಯಾಯ. ಫಂಡ್‌ನವ್ರು ಕೊಡಲ್ಲ ಅಂದ್ರೆ ಅಲ್ಲೇ ಕಂಪ್ಲೇಂಟ್ ಹಾಕಿ, 45 ದಿನದಲ್ಲಿ ಉತ್ತರ ಬರ್ಬೇಕು, ಸರಿ ಹೋಗದಿದ್ರೆ ಆಫ್ಕಾಗೆ (AFCA, ಹಣಕಾಸಿನ ದೂರು ನೋಡೋ ಸಂಸ್ಥೆ) ಹೋಗ್ಬಹುದು, ಅಲ್ಲೂ ದುಡ್ಡು ತಗೊಳಲ್ಲ. ತಡ ಮಾಡ್ಬೇಡಿ, ಅಲ್ಲಿ ಕಾಲಮಿತಿ ಇದೆ.

ಕೊನೆಗೆ, ಪೆಟ್ಟಾಗಿ ಕೆಲಸ ಬಿಟ್ಟು ವೀಸಾ ಮುಗಿದು ಮೈಸೂರಿಗೋ ಮಂಗಳೂರಿಗೋ ವಾಪಸ್ ಹೋದವ್ರು ಸೂಪರ್ ತೆಗೆದು ಅಕೌಂಟ್ ಮುಚ್ಚಿರ್ತಾರೆ, ಇನ್ನೇನು ಇಲ್ಲ ಅಂದ್ಕೊಂಡಿರ್ತಾರೆ. ಸಾಮಾನ್ಯವಾಗಿ ನೋಡೋದು ಕೆಲಸ ನಿಂತ ದಿನ ಕವರ್ ಇತ್ತಾ ಅಂತ, ಇವತ್ತು ಅಕೌಂಟ್ ಇದ್ಯಾ ಅಂತಲ್ಲ. ಆ ಹಳೇ ಫಂಡಿಗೆ ಇಮೇಲ್ ಹಾಕಿ, ಆ ತಾರೀಖಿಗೆ ನನಗೆ ಯಾವ ಇನ್ಶೂರೆನ್ಸ್ ಇತ್ತು, ಪಾಲಿಸಿ ಪ್ರತಿ ಕಳ್ಸಿ ಅಂತ ಕೇಳಿ.