ಪದ ಪರಿಚಯ: ಕಣ್ಗಾವಲು

ಚಳಿಗಾಲ ಶುರುವಾಯಿತೆಂದರೆ ನಮ್ಮ ಶಿರಸಿ, ಸಿದ್ದಾಪುರ ಕಡೆಯ ಪೇಪರ್‌ನಲ್ಲಿ ಒಂದು ತಲೆಬರಹ ಬಂದೇ ಬರುತ್ತದೆ: ‘ಮಂಗನ ಕಾಯಿಲೆ: ಕಣ್ಗಾವಲು ಹೆಚ್ಚಿಸಲು ಸೂಚನೆ’. ಓದಿದ ತಕ್ಷಣ ನೆನಪಾಗುವುದು ಪೊಲೀಸರು, ಸಿಸಿ ಕ್ಯಾಮೆರಾ. ಜ್ವರಕ್ಕೂ ಕ್ಯಾಮೆರಾಕ್ಕೂ ಎಲ್ಲಿಯ ನಂಟು ಅನ್ನಿಸುತ್ತದೆ, ಅಲ್ವಾ?

ಪದ ಸುಲಭದ್ದೇ. ಕಣ್ ಮತ್ತು ಕಾವಲು. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಇಲ್ಲೂ ‘ಕ’ ಹೋಗಿ ‘ಗ’ ಬಂದಿದೆ. ಆರೋಗ್ಯ ಇಲಾಖೆಯವರು ಸರ್ವೇಲೆನ್ಸ್ ಎನ್ನುವುದಕ್ಕೆ ಇದನ್ನು ಬಳಸುತ್ತಾರೆ. ಸರ್ಕಾರಿ ಕನ್ನಡ ಅಪರೂಪಕ್ಕೆ ಒಳ್ಳೆ ಪದ ಬಳಸುತ್ತದೆ, ಇದು ಅಂಥದ್ದು.

ಒಳ್ಳೆಯದು ಯಾಕೆಂದರೆ ಕಾವಲು ಅಂದರೇನು ಅಂತ ಗದ್ದೆ ಇದ್ದವರಿಗೆ ಹೇಳಿಕೊಡಬೇಕಿಲ್ಲ. ಭತ್ತ ತೆನೆ ಕಟ್ಟಿದಾಗ ಹಂದಿ ಕಾಯಲು ರಾತ್ರಿ ಮಾಳದ ಮೇಲೆ ಕೂರುತ್ತಾರೆ. ಕೂತವನು ಹಂದಿಯ ಜೊತೆ ಕುಸ್ತಿಗೆ ಇಳಿಯುವುದಿಲ್ಲ. ಸದ್ದು ಕೇಳಿದರೆ ಕೂಗು ಹಾಕುತ್ತಾನೆ. ಆ ಕೂಗಿಗೆ ಆಚೆ ಗದ್ದೆಯವನು ಎದ್ದು ಕೂರುತ್ತಾನೆ. ರೋಗದ ಕಣ್ಗಾವಲೂ ಇಷ್ಟೇ. ಅದು ಚಿಕಿತ್ಸೆ ಅಲ್ಲ, ಔಷಧಿ ಅಲ್ಲ. ಯಾರಿಗೆ, ಎಲ್ಲಿ, ಯಾವಾಗ ಜ್ವರ ಬಂತು ಅಂತ ತಪ್ಪದೆ ನೋಡುವುದು, ಬರೆದಿಡುವುದು, ಆಚೆಯವರಿಗೆ ಬೇಗ ಕೂಗಿ ಹೇಳುವುದು.

ದೇಶದ ಮಟ್ಟದಲ್ಲಿ ಈ ಕೂಗಿಗೆ ಒಂದು ವ್ಯವಸ್ಥೆ ಇದೆ. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆ. ಅದರಲ್ಲಿ ಮೂರು ಫಾರಂ: ಎಸ್, ಪಿ, ಎಲ್. ಲಕ್ಷಣ ನೋಡಿ ಆರೋಗ್ಯ ಸಹಾಯಕಿ ತುಂಬುವುದು ಎಸ್. ಇಂಥ ರೋಗ ಇರಬಹುದು ಅಂತ ಡಾಕ್ಟರು ಊಹಿಸಿ ತುಂಬುವುದು ಪಿ. ಲ್ಯಾಬ್‌ನಲ್ಲಿ ಖಾತ್ರಿಯಾದ ಮೇಲಿನದು ಎಲ್. ಈಗ ಇದೆಲ್ಲ ಕಂಪ್ಯೂಟರಿಗೆ ಬಂದಿದೆ. ಹಳ್ಳಿಯ ಜ್ವರ ತಾಲ್ಲೂಕಿಗೆ, ಅಲ್ಲಿಂದ ಘಟ್ಟ ಇಳಿದು ಕಾರವಾರಕ್ಕೆ, ಮತ್ತೆ ಬೆಂಗಳೂರು, ದೆಹಲಿ.

ಮಂಗನ ಕಾಯಿಲೆಯಲ್ಲಿ ಮಾತ್ರ ಒಂದು ವಿಚಿತ್ರ. ಇಲ್ಲಿ ಮೊದಲ ಕಾವಲುಗಾರ ಮನುಷ್ಯನೇ ಅಲ್ಲ. ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ 1957ರಲ್ಲಿ ಮಂಗಗಳು ಸಾಯುತ್ತಿದ್ದವು. ಹಳದಿ ಜ್ವರ ಭಾರತಕ್ಕೂ ಬಂತೇನೋ ಅನ್ನುವ ಹೆದರಿಕೆಯಲ್ಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಸಿಕ್ಕಿದ್ದು ಅಲ್ಲಿವರೆಗೆ ಯಾರೂ ಕಾಣದ ವೈರಸ್. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳದಿಂದ. ಮಂಗ ಅಥವಾ ಮುಸಿಯ (ಕಪ್ಪು ಮೋರೆಯ ಉದ್ದ ಬಾಲದ ಕೋತಿ) ಸತ್ತು ಮೈ ತಣ್ಣಗಾದರೆ ಅದರ ಮೈಮೇಲಿದ್ದ ಉಣುಗು ಇಳಿದು ದರಕಿನ, ಅಂದರೆ ಉದುರಿದ ಒಣ ಎಲೆಯ ಮೇಲೆ ಬರುತ್ತದೆ. ದರಕು ಗುಡಿಸಿ ಕೊಟ್ಟಿಗೆಗೆ ತರಲು ಬೆಟ್ಟಕ್ಕೆ ಹೋದವರಿಗೆ ಕಚ್ಚುತ್ತದೆ. ನಾವು ದರಕು ಗುಡಿಸುವುದೂ ಮರಿ ಉಣುಗು ಏಳುವುದೂ ಒಂದೇ ಕಾಲಕ್ಕೆ ಅನ್ನುವುದು ನಮ್ಮ ಗ್ರಹಚಾರ.

ನಮ್ಮ ಕೇರಿಯಲ್ಲೇ ಆದದ್ದು ಹೇಳುತ್ತೇನೆ. ಪಕ್ಕದ ಮನೆಯ ಹಿರಿಯರೊಬ್ಬರು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರು.

“ತಂಗೀ, ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮುಸ್ಯ ಸತ್ತು ಬಿದ್ದಿದೆ. ನಾತ ಬರ್ತಾ ಇದೆ.”

“ಹತ್ತಿರ ಹೋಗ್ಬೇಡಿ ಅಣ್ಣಾ. ದನಾನೂ ಆ ಕಡೆ ಬಿಡ್ಬೇಡಿ.”

ಇದು ಕಣ್ಗಾವಲು. ಎರಡು ಸಾಲಿನ ಫೋನು. ಆಮೇಲೆ ಪಶು ವೈದ್ಯರು ಮೈತುಂಬ ರಕ್ಷಣಾ ಉಡುಪು ಹಾಕಿಕೊಂಡು ಬಂದು ಸ್ಯಾಂಪಲ್ ತೆಗೆದರು, ಹೆಣ ಸುಟ್ಟರು, ಸುತ್ತ ಉಣುಗು ಸಾಯುವ ಪುಡಿ ಎರಚಿದರು. ಇನ್ನಿಬ್ಬರು ಬಿಳಿ ಬಟ್ಟೆಯೊಂದನ್ನು ನೆಲದ ಮೇಲೆ ಮೆಲ್ಲಗೆ ಎಳೆಯುತ್ತಾ ಹೋದರು. ಸುಮ್ನೆ ನೋಡಿದರೆ ಮಕ್ಕಳಾಟ. ಬಟ್ಟೆ ತಿರುಗಿಸಿದಾಗ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಹರಿದಾಡುತ್ತಿದ್ದವು, ಮರಿ ಉಣುಗುಗಳು. ಚಿಮಟದಲ್ಲಿ ಒಂದೊಂದಾಗಿ ಹಿಡಿದು ಸೀಸೆಗೆ ಹಾಕಿದರು. ಅದರೊಳಗೆ ವೈರಸ್ ಇದೆಯೋ ಇಲ್ಲವೋ ಲ್ಯಾಬ್ ಹೇಳಬೇಕು.

ಕೊರೊನಾ ಕಾಲದ ಕಣ್ಗಾವಲೇ ಬೇರೆ. ಆ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದೆ. ಹಾಗಾಗಿ ಯಾರು ಯಾವ ಬಸ್ಸಿನಲ್ಲಿ ಬಂದರು, ಯಾರ ಜೊತೆ ಊಟಕ್ಕೆ ಕೂತರು ಅಂತ ಕೆದಕಬೇಕಿತ್ತು. 2020ರ ಮಾರ್ಚ್‌ನಲ್ಲಿ ಕೈಗೆ ಮುದ್ರೆ ಹೊಡೆದದ್ದು ನೆನಪಿದೆಯಲ್ಲ? ಆಗ ಕಾವಲು ಕಳ್ಳನ ಮೇಲಿನ ಕಾವಲಿನ ಹಾಗೆ ಕಂಡಿತು, ಜನ ಜ್ವರ ಮುಚ್ಚಿಟ್ಟರು. ನನ್ನ ಕೇಳಿದರೆ ಈ ಪದಕ್ಕೆ ಅಂಟಿದ ಪೊಲೀಸ್ ವಾಸನೆ ಅಲ್ಲಿಂದಲೇ ಜಾಸ್ತಿಯಾಯಿತು. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇಲ್ಲಿ ರೋಗಿಯನ್ನು ಕೇಳಬೇಕಾದ ಪ್ರಶ್ನೆ ‘ಯಾರನ್ನು ಮುಟ್ಟಿದಿರಿ’ ಅಂತಲ್ಲ, ‘ಯಾವ ಬೆಟ್ಟಕ್ಕೆ ಹೋಗಿದ್ದಿರಿ’ ಅಂತ.

ಇನ್ನು ಅಂಕಿ ಓದುವ ಬಗ್ಗೆ. ಉಣುಗು ಕಚ್ಚಿ ಜ್ವರ ಬರಲು 3ರಿಂದ 8 ದಿನ. ಮನೆಯಲ್ಲಿ ಕಷಾಯ, ಒಂದು ಮಾತ್ರೆ ಅಂತ ಎರಡು ದಿನ. ಆಮೇಲೆ ಆಸ್ಪತ್ರೆ, ರಕ್ತ, ಲ್ಯಾಬ್, ವರದಿ. ‘ಇಂದು ಇಬ್ಬರಿಗೆ ಸೋಂಕು’ ಅಂತ ಪೇಪರ್‌ನಲ್ಲಿ ಓದಿದರೆ ಅದು ಹತ್ತು ಹನ್ನೆರಡು ದಿನ ಹಿಂದೆ ಬೆಟ್ಟದಲ್ಲಿ ನಡೆದ ಕತೆ. ಸತ್ತ ಮಂಗದ ಸುದ್ದಿಗೆ ಬೆಲೆ ಇರುವುದು ಇದಕ್ಕೇ. ಅದು ಅಂಕಿಗಿಂತ ಮೊದಲು ಬರುತ್ತದೆ.

ನಕ್ಷೆಯನ್ನೂ ಹುಷಾರಾಗಿ ಓದಬೇಕು. ಈ ಕಾಯಿಲೆ ಎಷ್ಟೋ ವರ್ಷ ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳದ್ದು ಅಂತಲೇ ಲೆಕ್ಕ. 2012ರಲ್ಲಿ ಬಂಡೀಪುರ, 2013ರಲ್ಲಿ ಕೇರಳದ ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಪಶ್ಚಿಮ ಘಟ್ಟದ ಉದ್ದಕ್ಕೂ ಚುಕ್ಕಿ ಬಿದ್ದವು. ರೋಗ ನಡೆದುಕೊಂಡು ಹೋಯಿತೋ, ಮೊದಲೇ ಅಲ್ಲಿದ್ದದ್ದು ಕಣ್ಣು ಬಿಟ್ಟ ಮೇಲೆ ಕಂಡಿತೋ? ಎರಡೂ ಇರಬಹುದು. ಚುಕ್ಕಿ ಇಲ್ಲದ ಜಾಗ ಎಂದರೆ ರೋಗ ಇಲ್ಲದ ಜಾಗವೇ ಆಗಬೇಕಿಲ್ಲ. ಮಾಳದಲ್ಲಿ ಯಾರೂ ಕೂತಿರಲಿಲ್ಲ ಅಂತಲೂ ಆಗಬಹುದು.

ಅದಕ್ಕೇ ಈ ಕೆಲಸದಲ್ಲಿ ಸೊನ್ನೆಗೂ ಖಾಲಿಗೂ ವ್ಯತ್ಯಾಸ ಇದೆ. ಹುಡುಕಿ ಏನೂ ಸಿಗದಿದ್ದರೆ ಸೊನ್ನೆ ಬರೆದು ಕಳಿಸಬೇಕು. ಅದಕ್ಕೆ ನಿಲ್ ರಿಪೋರ್ಟ್ ಅನ್ನುತ್ತಾರೆ. ಏನನ್ನೂ ಕಳಿಸದಿದ್ದರೆ ಆ ಕಾಲಂ ಖಾಲಿ, ಅಂದರೆ ಅಲ್ಲಿ ಏನಾಯಿತೋ ಗೊತ್ತಿಲ್ಲ.

ನಮ್ಮ ಬೆಟ್ಟದ ಮುಸಿಯದ ವರದಿ ವಾರದ ಮೇಲೆ ಬಂತು. ನೆಗೆಟಿವ್. “ಸುಮ್ನೆ ಅಷ್ಟು ಜನರನ್ನ ಓಡಾಡಿಸಿದ ಹಾಗಾಯ್ತು” ಅಂತ ಪಕ್ಕದ ಮನೆಯವರು ಪೇಚಾಡಿದರು. ಆಶಾ ಕಾರ್ಯಕರ್ತೆ ನಕ್ಕು, “ಅದನ್ನೂ ಬರೀಲಿಕ್ಕೆ ಉಂಟು ಅಣ್ಣಾ” ಅಂದು ಪುಸ್ತಕ ತೆಗೆದಳು.