1940ರ ಫ್ರಾನ್ಸ್: ಸೋತದ್ದು ಸೇನೆಯೋ, ದೇಶವೋ?

ಎರಡನೇ ಮಹಾಯುದ್ಧದ ಪಾಠದಲ್ಲಿ ಫ್ರಾನ್ಸ್‌ಗೆ ಸಾಮಾನ್ಯವಾಗಿ ಸಿಗುವುದು ಒಂದೇ ಸಾಲು: 'ಆರು ವಾರದಲ್ಲಿ ಜರ್ಮನಿಗೆ ಶರಣಾಯಿತು.' ನಾನೂ ಇದನ್ನು ಬಾಯಿಪಾಠ ಮಾಡಿದವನೇ. ಆ 'ಶರಣು' ಎನ್ನುವ ಪದದ ಮೇಲೆಯೇ ದೊಡ್ಡ ಜಗಳ ನಡೆದಿತ್ತು ಅಂತ ಗೊತ್ತಾದದ್ದು ಆಮೇಲೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಯುದ್ಧಕ್ಕಿಂತ ಆ ಜಗಳಕ್ಕೇ ಜಾಸ್ತಿ ಜಾಗ.

ಯುದ್ಧ, ಚುಟುಕಾಗಿ

ಜರ್ಮನಿ ದಾಳಿ ಶುರು ಮಾಡಿದ್ದು 1940ರ ಮೇ 10ರಂದು. ಪೂರ್ವದ ಗಡಿಯಲ್ಲಿ ಫ್ರಾನ್ಸಿನ ಮ್ಯಾಜಿನೊ ಕೋಟೆಸಾಲು ಇತ್ತು. ಫ್ರಾನ್ಸಿನ ಒಳ್ಳೊಳ್ಳೆಯ ಪಡೆಗಳು ಉತ್ತರಕ್ಕೆ, ಬೆಲ್ಜಿಯಂ ಒಳಗೆ ಹೋಗಿದ್ದವು. ಜರ್ಮನ್ನರು ಇವೆರಡರ ನಡುವೆ, ಆರ್ಡೆನ್ ಕಾಡಿನ ಮೂಲಕ ಬಂದರು. ಮೇ 13ಕ್ಕೆ ಸೆಡಾನ್ ಹತ್ತಿರ ಮ್ಯೂಸ್ ನದಿ ದಾಟಿದರು. ಜೂನ್ 10ಕ್ಕೆ ಸರ್ಕಾರ ಪ್ಯಾರಿಸ್ ಬಿಟ್ಟಿತು. 14ಕ್ಕೆ ಜರ್ಮನ್ ಸೇನೆ ನಗರದೊಳಗಿತ್ತು.

ಫ್ರೆಂಚರು ಹೇಡಿಗಳು ಅನ್ನುವ ಜೋಕುಗಳು ಓಡಾಡುತ್ತಿರುತ್ತವೆ. ನಂಬಬೇಡಿ. ಮೊದಲ ಮಹಾಯುದ್ಧದಲ್ಲಿ ಈ ದೇಶ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. ಆಗ ಅದರ ಜನಸಂಖ್ಯೆ ಸುಮಾರು 4 ಕೋಟಿ. 'ಇನ್ನೊಂದು ಸಲ ಅಷ್ಟು ಜನರನ್ನು ಸಾಯಿಸಬೇಕಾ' ಎಂಬ ಪ್ರಶ್ನೆ 1940ರಲ್ಲಿ ಎಲ್ಲರ ಮನಸ್ಸಿನಲ್ಲೂ ಇತ್ತು.

ಬೋರ್ಡೊದ ಜಗಳ

ಸರ್ಕಾರ ಕೊನೆಗೆ ಬಂದು ಸೇರಿದ್ದು ಬೋರ್ಡೊ ಊರಿಗೆ. ಇಲ್ಲಿ ನಾಲ್ಕು ಜನರನ್ನು ನೆನಪಿಡಿ. ಪ್ರಧಾನಿ ಪಾಲ್ ರೇನೊ. ಸೇನಾ ಮುಖ್ಯಸ್ಥ ವೇಗಾಂ. ಉಪಪ್ರಧಾನಿ ಪೆತಾಂ: ವಯಸ್ಸು 84, 1916ರ ವರ್ಡುನ್ ಕಾಳಗದ ವೀರ. ಮತ್ತೆ ಜೂನ್ 5ಕ್ಕಷ್ಟೇ ಕಿರಿಯ ಮಂತ್ರಿಯಾಗಿದ್ದ 49ರ ಹರೆಯದ ಚಾರ್ಲ್ಸ್ ಡಿ ಗಾಲ್. ಡಿ ಗಾಲ್ ಸೇನೆಗೆ ಸೇರಿದ ಹೊಸದರಲ್ಲಿ ಅವರ ರೆಜಿಮೆಂಟಿನ ಕರ್ನಲ್ ಆಗಿದ್ದವರು ಇದೇ ಪೆತಾಂ!

ಯುದ್ಧ ನಿಲ್ಲಿಸಲು ಎರಡು ದಾರಿಗಳಿದ್ದವು. ಇವೆರಡನ್ನೂ ಕಲಸಿದರೆ ಮುಂದಿನದೆಲ್ಲ ಗೋಜಲಾಗುತ್ತದೆ.

ಮೊದಲನೆಯದು ಸೇನಾ ಶರಣಾಗತಿ. ರಣರಂಗದಲ್ಲಿರುವ ಸೇನೆ ಆಯುಧ ಕೆಳಗಿಡುತ್ತದೆ. ಸಹಿ ಸೇನಾಪತಿಯದು. ಸರ್ಕಾರ ಮಾತ್ರ ಸೋಲು ಒಪ್ಪಿರುವುದಿಲ್ಲ. ಅದು ಬೇರೆ ಕಡೆ ಹೋಗಿ ಯುದ್ಧ ಮುಂದುವರಿಸಬಹುದು. ಹಾಲೆಂಡ್ ಮೇ ತಿಂಗಳಲ್ಲಿ ಮಾಡಿದ್ದು ಇದನ್ನೇ. ಸೇನೆ ಶರಣಾಯಿತು, ರಾಣಿ ಮತ್ತು ಸರ್ಕಾರ ಲಂಡನ್‌ನಲ್ಲಿದ್ದರು.

ಎರಡನೆಯದು ಕದನ ವಿರಾಮ. ಇದು ಸರ್ಕಾರದ ಒಪ್ಪಂದ. ನೌಕಾಪಡೆ, ವಸಾಹತುಗಳು ಎಲ್ಲ ಸೇರಿ ಇಡೀ ದೇಶವೇ ಯುದ್ಧದಿಂದ ಹೊರಗೆ.

ರೇನೊಗೆ ಮೊದಲನೆಯದು ಬೇಕಿತ್ತು. ಸೇನೆ ಶರಣಾಗಲಿ, ಸರ್ಕಾರ ಉತ್ತರ ಆಫ್ರಿಕಾಕ್ಕೆ ಹೋಗಲಿ ಎಂಬುದು ಅವರ ವಾದ. ಅದಕ್ಕೆ ಕಾರಣವೂ ಇತ್ತು. ಪ್ರತ್ಯೇಕವಾಗಿ ಕದನ ವಿರಾಮ ಮಾಡಿಕೊಳ್ಳುವುದಿಲ್ಲ ಎಂದು ಮಾರ್ಚ್ 28ರಂದು ಬ್ರಿಟನ್ನಿಗೆ ಮಾತು ಕೊಟ್ಟಾಗಿತ್ತು. ವೇಗಾಂ ಒಪ್ಪಲೇ ಇಲ್ಲ. ಶರಣಾಗತಿ ಸೇನೆಯ ಮರ್ಯಾದೆಗೆ ಕಳಂಕ ಎಂದು ಪಟ್ಟು ಹಿಡಿದರು. ಸೋಲಿನ ಮಸಿ ಯಾರ ಮುಖಕ್ಕೆ, ಸೇನೆಗೋ ಗಣರಾಜ್ಯಕ್ಕೋ? ನನ್ನ ಪ್ರಕಾರ ಬೋರ್ಡೊದ ಜಗಳದ ತಿರುಳು ಇದೇ. ಪೆತಾಂ ನಿಂತದ್ದು ವೇಗಾಂ ಕಡೆಗೆ.

ಜೂನ್ 16ರಂದು ಚರ್ಚಿಲ್ ಒಂದು ವಿಚಿತ್ರ ಸಲಹೆ ಕಳಿಸಿದರು: ಬ್ರಿಟನ್, ಫ್ರಾನ್ಸ್ ಎರಡೂ ಸೇರಿ ಒಂದೇ ದೇಶವಾಗೋಣ! ಫ್ರೆಂಚ್ ಮಂತ್ರಿಮಂಡಲ ಸೊಪ್ಪು ಹಾಕಲಿಲ್ಲ. ಅಂದೇ ರೇನೊ ರಾಜೀನಾಮೆ ಕೊಟ್ಟರು, ಪೆತಾಂ ಪ್ರಧಾನಿಯಾದರು. ಜೂನ್ 22ರಂದು ಕಾಂಪಿಯೆನ್ ಕಾಡಿನಲ್ಲಿ ಕದನ ವಿರಾಮಕ್ಕೆ ಸಹಿ ಬಿತ್ತು. 1918ರಲ್ಲಿ ಜರ್ಮನ್ನರು ತಲೆತಗ್ಗಿಸಿ ಸಹಿ ಹಾಕಿದ್ದ ಅದೇ ರೈಲು ಬೋಗಿಯನ್ನು ಹಿಟ್ಲರ್ ತರಿಸಿದ್ದ. ಫ್ರಾನ್ಸ್ ಕಡೆಯಿಂದ ಸಹಿ ಹಾಕಿದವರು ಒಬ್ಬ ಜನರಲ್ಲೇ, ಆದರೆ ಸೇನೆಯ ಪರವಾಗಿ ಅಲ್ಲ, ಸರ್ಕಾರದ ಪರವಾಗಿ. ಈ ವ್ಯತ್ಯಾಸಕ್ಕೆ ಗೆರೆ ಎಳೆದಿಟ್ಟುಕೊಳ್ಳಿ.

ನಾಡಿಲ್ಲದ ನಾಯಕ

ಡಿ ಗಾಲ್ ಜೂನ್ 17ರಂದು ಲಂಡನ್‌ಗೆ ಹಾರಿದರು. ಮರುದಿನ ಬಿಬಿಸಿ ರೇಡಿಯೊದಲ್ಲಿ ಮಾತಾಡಿದರು: ಇದು ವಿಶ್ವಯುದ್ಧ, ಫ್ರಾನ್ಸ್ ಒಂಟಿಯಲ್ಲ, ಹೋರಾಟದ ಕಿಚ್ಚು ಆರಬಾರದು. ಅವತ್ತು ಕೇಳಿಸಿಕೊಂಡವರು ಬಹಳ ಕಡಿಮೆ. ಧ್ವನಿಮುದ್ರಣವೂ ಉಳಿದಿಲ್ಲ.

ಅವರ ದೊಡ್ಡ ತೊಡಕು ಬೇರೆಯೇ ಇತ್ತು. ಕಾನೂನು ಪೆತಾಂ ಕಡೆಗಿತ್ತು. ಜುಲೈ 10ರಂದು ವಿಶಿ ಊರಿನಲ್ಲಿ ಸೇರಿದ ಸಂಸತ್ತು 569 ಮತಗಳಿಂದ ಪೆತಾಂಗೆ ಪೂರ್ಣ ಅಧಿಕಾರ ಕೊಟ್ಟಿತು. ವಿರೋಧಕ್ಕೆ ಬಿದ್ದದ್ದು 80 ಮತ. ಗಣರಾಜ್ಯ ಹೋಗಿ ಪೆತಾಂ ಆಳ್ವಿಕೆ ಬಂತು; ಆ ಸರ್ಕಾರಕ್ಕೆ ಊರಿನದೇ ಹೆಸರು, 'ವಿಶಿ'. ಅಮೆರಿಕ ತನ್ನ ರಾಯಭಾರಿಯನ್ನು ಕಳಿಸಿದ್ದು ವಿಶಿಗೇ. ಆಗಸ್ಟ್‌ನಲ್ಲಿ ವಿಶಿಯ ಸೇನಾ ನ್ಯಾಯಾಲಯ ಡಿ ಗಾಲ್‌ಗೆ ಮರಣದಂಡನೆ ಕೂಡ ವಿಧಿಸಿತು.

'ಫ್ರಾನ್ಸ್ ಅಂದರೆ ನಾನೇ' ಅಂತ ಸುಮ್ನೆ ರೇಡಿಯೊದಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಕಾಲೂರಲು ನೆಲ ಬೇಕಿತ್ತು. ಅದು ಸಿಕ್ಕಿದ್ದು ವಸಾಹತುಗಳಲ್ಲಿ. ಆಗಸ್ಟ್‌ನಲ್ಲಿ ಆಫ್ರಿಕಾದ ಚಾಡ್, ಅಲ್ಲಿನ ಕಪ್ಪು ವರ್ಣದ ಗವರ್ನರ್ ಫೆಲಿಕ್ಸ್ ಎಬುವೆ ಮುಂದಾಳತ್ವದಲ್ಲಿ, ಡಿ ಗಾಲ್ ಕಡೆ ಬಂತು. ಸೆಪ್ಟೆಂಬರ್‌ನಲ್ಲಿ ನಮ್ಮ ಪಕ್ಕದ ಪುದುಚೇರಿಯೂ ಬಂತು. ಸುತ್ತ ಬ್ರಿಟಿಷ್ ಇಂಡಿಯಾ ಇರುವಾಗ ಪುದುಚೇರಿಗೆ ಬೇರೆ ದಾರಿಯೂ ಕಷ್ಟವಿತ್ತು ಅನ್ನಿ. ಯುರೋಪಿನ ಸ್ವಾತಂತ್ರ್ಯದ ಹೋರಾಟಕ್ಕೆ ಆಸರೆಯಾದದ್ದು ಸ್ವಾತಂತ್ರ್ಯವಿಲ್ಲದ ವಸಾಹತುಗಳು. ಪಾಠಪುಸ್ತಕಗಳು ಇದನ್ನು ಹೇಳುವುದು ಕಡಿಮೆ ಅಲ್ವಾ?

ಮಿತ್ರರಾಷ್ಟ್ರಗಳ ನಾಯಕರು ಸೇರಿದ 1945ರ ಯಾಲ್ಟಾ ಸಭೆಗೆ ಡಿ ಗಾಲ್‌ಗೆ ಕರೆ ಬರಲಿಲ್ಲ. ಆದರೂ ಸೋತ ಜರ್ಮನಿಯಲ್ಲಿ ಆಳಲು ಒಂದು ವಲಯ, ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ, ಎರಡೂ ಫ್ರಾನ್ಸ್‌ಗೆ ಸಿಕ್ಕವು.

'ಗಣರಾಜ್ಯ ನಿಂತುಹೋಗಿರಲೇ ಇಲ್ಲ'

1944ರ ಆಗಸ್ಟ್ 25ರಂದು ಪ್ಯಾರಿಸ್ ಬಿಡುಗಡೆಯಾಯಿತು. ನಗರಸಭೆಯ ಕಟ್ಟಡದಲ್ಲಿ ಡಿ ಗಾಲ್ ಅವರನ್ನು ಗಣರಾಜ್ಯ ಘೋಷಿಸಿ ಎಂದು ಕೇಳಿದರು. ಅವರು ಒಪ್ಪಲಿಲ್ಲ. ಗಣರಾಜ್ಯ ಯಾವತ್ತೂ ನಿಂತುಹೋಗಿರಲೇ ಇಲ್ಲ, ಹೊಸದಾಗಿ ಘೋಷಿಸುವುದೇನು ಎಂಬ ಉತ್ತರ ಬಂತು. ಬೋರ್ಡೊದಲ್ಲಿ ರೇನೊ ಸೋತ ವಾದವನ್ನು ಡಿ ಗಾಲ್ ಗೆದ್ದದ್ದು ಹೀಗೆ. ಸೋತದ್ದು ಸೇನೆ, ಸಹಿ ಹಾಕಿದ್ದು ವಿಶಿ, ಫ್ರಾನ್ಸ್ ಮಾತ್ರ ಹೋರಾಡುತ್ತಲೇ ಇತ್ತು.

ಜಾಣ ವಾದ. ಆದರೆ ಅದಕ್ಕೊಂದು ಬೆಲೆ ಇತ್ತು. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್ ಮತ್ತು ಸುತ್ತಮುತ್ತ ಸುಮಾರು 13,000 ಯಹೂದಿಗಳನ್ನು ಹಿಡಿದರು. ಮಕ್ಕಳೂ ಇದ್ದರು. ಹಿಡಿದದ್ದು ಜರ್ಮನ್ನರಲ್ಲ, ಫ್ರೆಂಚ್ ಪೊಲೀಸರು. ವಿಶಿ ಫ್ರಾನ್ಸೇ ಅಲ್ಲ ಎಂದಾದರೆ ಆ ಪೊಲೀಸರು ಯಾರವರು? ಈ ಪ್ರಶ್ನೆ ದಶಕಗಳ ಕಾಲ ಹಾಗೇ ಉಳಿಯಿತು. ಅಧ್ಯಕ್ಷ ಮಿತ್ತೆರಾಂ ಕೂಡ ಗಣರಾಜ್ಯಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೇ ಹೇಳಿದ್ದರು. ಅದರಲ್ಲಿ ಫ್ರೆಂಚ್ ಪ್ರಭುತ್ವದ ಹೊಣೆಯಿದೆ ಎಂದು ಮೊದಲು ಒಪ್ಪಿಕೊಂಡ ಅಧ್ಯಕ್ಷ ಜಾಕ್ ಶಿರಾಕ್, 1995ರ ಜುಲೈ 16ರಂದು.