ಕಪ್ಪು ಕ್ಯಾಮೆರಾದ ಹಳದಿ ಅಂಚು

ಮಂಗಳೂರಿನ ಹಂಪನಕಟ್ಟೆಯಲ್ಲಿರುವ ನನ್ನ ದುರಸ್ತಿ ಮೇಜಿಗೆ ಕಪ್ಪು ಬಣ್ಣದ ಒಲಿಂಪಸ್ ಓಎಂ-1 ಫಿಲ್ಮ್ ಕ್ಯಾಮೆರಾ ಬಂತೆಂದರೆ, ಮುಂದಿನ ಪ್ರಶ್ನೆ ನನಗೆ ಬಾಯಿಪಾಠ: "ಅಂಚಿನಲ್ಲಿ ಹಳದಿ ಕಾಣುತ್ತಿದೆ, ಸ್ವಲ್ಪ ಕಪ್ಪು ಬಳಿದು ಕೊಡುತ್ತೀರಾ?" ಬಳಿಯುವುದಿಲ್ಲ.

1972ರಲ್ಲಿ ಎಂ-1 ಎಂದು ಹುಟ್ಟಿ, ಲೈಕಾ ಕಂಪನಿಯ ಆಕ್ಷೇಪದಿಂದ ಹೆಸರು ಬದಲಿಸಿಕೊಂಡ ಈ ಕ್ಯಾಮೆರಾ ಬೆಳ್ಳಿ ಬಣ್ಣದಲ್ಲೂ ಕಪ್ಪಿನಲ್ಲೂ ಬಂದಿತ್ತು. ಒಳಗಿನ ಯಂತ್ರ ಒಂದೇ. ಕಪ್ಪಿನಿಂದ ಚಿತ್ರ ಚೆನ್ನಾಗಿ ಬರುತ್ತದೆಂಬುದು ಭ್ರಮೆ. ಕಪ್ಪು ಕಡಿಮೆ ಸಿಗುವುದರಿಂದ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ, ಅಷ್ಟೆ. ಹಾಗೆ ಕೊಡುವವರು ಮೊದಲು ನೋಡುವುದು ನೀವು ಮುಚ್ಚಲು ಹೊರಟ ಆ ಅಂಚನ್ನೇ. ಮೇಲ್ಕವಚ ಹಿತ್ತಾಳೆಯದು, ಅಸಲಿ ಕಪ್ಪು ಸವೆದಲ್ಲಿ ಹಳದಿ ಇಣುಕುತ್ತದೆ. ಬೆಳ್ಳಿ ಬಣ್ಣದ ಕ್ಯಾಮೆರಾಕ್ಕೆ ಯಾರೋ ಆಮೇಲೆ ಕಪ್ಪು ಹೊಡೆದಿದ್ದರೆ ಸವೆದಲ್ಲಿ ಸಾಮಾನ್ಯವಾಗಿ ಅಡಿಯ ಬೆಳ್ಳಿ ಬಣ್ಣದ ಕ್ರೋಮ್ ಲೇಪದ ಬಿಳುಪು ಕಾಣುತ್ತದೆ. ಅಂಚಿಗೆ ಬಣ್ಣ ಬಳಿದ ಮೇಲೆ ಈ ಎರಡನ್ನೂ ಬೇರ್ಪಡಿಸುವ ಸುಲಭದ ಗುರುತೇ ಅಳಿಸಿಹೋಗುತ್ತದೆ. ನಿಮ್ಮ ಅಸಲಿ ಮಾಲನ್ನು ನೀವೇ ದುಡ್ಡು ಕೊಟ್ಟು ಸಂಶಯದ ಸಾಲಿಗೆ ಸೇರಿಸಿದಂತಾಗುತ್ತದೆ. ಆದರೂ ಹಳದಿ ಕಂಡ ಮಾತ್ರಕ್ಕೆ ಅಸಲಿಯೆಂದು ನಾನು ಬರೆದುಕೊಡುವುದಿಲ್ಲ, ಏಕೆಂದರೆ ಕ್ರೋಮನ್ನು ಪೂರ್ತಿ ಉಜ್ಜಿ ತೆಗೆದು ಬಣ್ಣ ಹೊಡೆಯುವವರೂ, ಬೇರೆ ಕ್ಯಾಮೆರಾದ ಕವಚ ಕೂರಿಸುವವರೂ ಇದ್ದಾರೆ.

ನಿಜವಾಗಿ ಖರ್ಚು ಮಾಡಬೇಕಾದದ್ದು ಒಳಗೆ. ದೃಶ್ಯವನ್ನು ಕಣ್ಣಿಗೆ ತಿರುಗಿಸುವ ಗಾಜಿನ ತುಂಡು, ಅಂದರೆ ಪ್ರಿಸಂ, ಅದರ ಸುತ್ತಲಿನ ಫೋಮು ನಮ್ಮ ಕರಾವಳಿಯ ತೇವಕ್ಕೆ ಬೆಲ್ಲದ ಪಾಕದಂತೆ ಅಂಟಂಟಾಗಿ ಪ್ರಿಸಂನ ಬೆಳ್ಳಿಲೇಪವನ್ನೇ ತಿನ್ನುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಉಡುಪಿಯ ಹುಡುಗನೊಬ್ಬ, ಹಿಂದೆ ಮದುವೆಗಳ ಫೋಟೋ ತೆಗೆಯುತ್ತಿದ್ದ ತನ್ನ ಸೋದರಮಾವನ ಕ್ಯಾಮೆರಾ ತಂದ. ಎಡ ಅಂಚಿನ ಹಳದಿಗೆ ಅವನೇ ಕಪ್ಪು ನೈಲ್‌ಪಾಲಿಶ್ ಹಚ್ಚಿದ್ದ. ಅಸಿಟೋನ್ ಹಾಕಿದರೆ ಪಕ್ಕದ ಮೂಲ ಬಣ್ಣಕ್ಕೂ ಅಪಾಯವೆಂದು ಎರಡು ಸಂಜೆ ಕೂತು ಮರದ ಹಲ್ಲುಕಡ್ಡಿಯಿಂದ ಕೆರೆದು ತೆಗೆದೆ. ಒಯ್ಯಲು ಮಾವನೇ ಬಂದರು. ಬೆರಳಿನಿಂದ ಆ ಅಂಚನ್ನು ಸವರಿ ಹೇಳಿದರು: "ಇದು ಇನ್ನೊಂದು ಕ್ಯಾಮೆರಾಕ್ಕೆ ತಾಗಿ ತಾಗಿ ಹೋದದ್ದು ಮಾರಾಯ್ರೆ. ಕುತ್ತಿಗೆಯಲ್ಲಿ ಯಾವಾಗಲೂ ಎರಡು ಇರುತ್ತಿತ್ತು, ಒಂದರಲ್ಲಿ ಕಲರ್ ರೋಲು, ಒಂದರಲ್ಲಿ ಬ್ಲ್ಯಾಕ್ ಆಂಡ್ ವೈಟ್."